ಕಿರ್ ಎನ್ನದ ಚಕ್ರ

ಫೆಬ್ರವರಿ 3, ಸೋಮವಾರ

ಮಗಳು ಲೋವಿಸಾ ಬಾಲ್ಕನಿಯಲ್ಲಿ, ಗಾಡಿಯೊಳಗೆ ನಿದ್ದೆ. ಮೈನಸ್ ಆರು ಡಿಗ್ರಿ; ನಮ್ಮಲ್ಲಿ ಕೂಸುಗಳನ್ನು ಚಳಿಯಲ್ಲೇ ಮಲಗಿಸುವುದು ವಾಡಿಕೆ. ಮೂಗಿನ ತುದಿ ಮಾತ್ರ ಕೆಂಪು. ಹೆಂಡತಿ ಟುವಾ ಕೆಲಸಕ್ಕೆ ಮರಳಿದ್ದಾಳೆ; ಇನ್ನು ಮಗು ನೋಡಿಕೊಳ್ಳುವ ರಜೆ ನನ್ನ ಪಾಲಿನದು. ಗಂಜಿ, ಡೈಪರ್, ವಾಕಿಂಗ್, ಮತ್ತೆ ಗಂಜಿ.

ಹೊತ್ತು ಹೋಗಲೆಂದು ಫೋನಿನಲ್ಲಿ ಅಪ್ಪಂದಿರ ಗುಂಪು ಓದುತ್ತೇನೆ. ಮಗುವಿನ ಗಾಡಿ ರಿಪೇರಿಗೆಂದೇ ಇರುವ ಗುಂಪು. ಇವತ್ತು ಒಬ್ಬ ಬರೆದಿದ್ದಾನೆ: "ಬ್ರೇಕ್ ಹಿಡೀತಿಲ್ಲ. ನಿನ್ನೆ ಪಾರ್ಕಿಂಗಲ್ಲಿ ಕಾರೊಳಗೆ ಕೂತು ಅತ್ತುಬಿಟ್ಟೆ. ಯಾವ ಸ್ಪ್ರೇ ಒಳ್ಳೇದು?"

ಉತ್ತರ: "ಸಿಲಿಕೋನ್ ಹಾಕು. ನಾನೂ ಅತ್ತಿದ್ದೆ. ಮೊದ್ಲು, ಹಿಮ ಕರಗ್ಲಿ ಅಂತ ರಸ್ತೆಗೆ ಹಾಕೋ ಉಪ್ಪು ಅಂಟಿರುತ್ತಲ್ಲ, ಅದನ್ನ ಬಿಸಿನೀರಲ್ಲಿ ತೊಳಿ."

ಮೂರು ಸಲ ಓದಿದೆ!

ಫೆಬ್ರವರಿ 5

ಹಳೆಯ ಪೋಸ್ಟುಗಳನ್ನೆಲ್ಲ ಕೆದಕಿದೆ. ಎಲ್ಲರದೂ ಒಂದೇ ಚಾಳಿ. ನಿಜವಾದ ಮಾತು ಮೊದಲೂ ಬರುವುದಿಲ್ಲ, ಕೊನೆಗೂ ಬರುವುದಿಲ್ಲ. ನಡುವೆ ಎಲ್ಲೋ — ನಟ್ಟು ಬೋಲ್ಟಿನ ಸಂದಿಯಲ್ಲಿ. ಯಾಕೆ ಹೀಗೆ?

ಟುವಾ ಕೇಳಿದಳು: "ಎಸ್ಕಿಲ್, ನಿಮ್ಮ ಗಂಡಸರ ಗುಂಪಲ್ಲಿ ಏನ್ ಮಾತಾಡ್ಕೋತೀರೋ?"

"ಚಕ್ರ."

"ಬರೀ ಚಕ್ರಾನಾ?"

"ಬ್ರೇಕೂ ಇದೆ."

ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಮಧ್ಯಾಹ್ನ ಲೋವಿಸಾ ನನ್ನ ಮುಖ ನೋಡಿ ನಕ್ಕಿದ್ದಳು. ಒಳಗೆ ಏನೂ ಆಗಲಿಲ್ಲ. ಪಕ್ಕದ ಮನೆಯವರ ಮಗುವನ್ನು ನೋಡಿಕೊಳ್ಳುತ್ತಿರುವ ಹಾಗೆ... ಭಯವಾಗುತ್ತದೆ.

ಫೆಬ್ರವರಿ 6

ನಾನೂ ಒಂದು ಪೋಸ್ಟ್ ಹಾಕಿಯೇಬಿಟ್ಟೆ. "ಎಡಗಡೆ ಚಕ್ರ ಕಿರ್ ಅನ್ನುತ್ತೆ. ಮಗು ನಕ್ರೆ ನಂಗೇನೂ ಅನ್ಸಲ್ಲ. ಎಣ್ಣೇನೋ ಗ್ರೀಸೋ?"

ನಮ್ಮ ಚಕ್ರ ಕಿರ್ ಅನ್ನುವುದೇ ಇಲ್ಲ. ಬರಿಗೈಲಿ ಹೋಗಲು ನಾಚಿಕೆಯಾಯಿತು.

ಸಂಜೆಗೆ ರಾಶಿ ಉತ್ತರ. ಎಣ್ಣೆ ಪಂಗಡ, ಗ್ರೀಸ್ ಪಂಗಡ, ಜಗಳ. ಯಾಲ್ಮರ್ ಎಂಬವನೊಬ್ಬ ಮಾತ್ರ ಬೇರೆಯಾಗಿ ಮೆಸೇಜ್ ಕಳಿಸಿದ: "ನಾನೂ ಇದೇ ಊರಿನವ್ನು. ಎಣ್ಣೆ ತರ್ತೀನಿ. ಲೈಬ್ರರಿ ಹತ್ರ ಸಿಗ್ತೀಯಾ?"

ಫೋನ್ ಮಗುಚಿಟ್ಟು ಗಂಜಿ ಕಾಯಿಸಲು ಹೋದೆ.

ಫೆಬ್ರವರಿ 14

ಏನೂ ಬರೆಯುವ ಮನಸ್ಸಿಲ್ಲ. ಯಾಲ್ಮರ್‌ಗೆ ಹೂಂ ಅಂದೆ.

ಫೆಬ್ರವರಿ 17, ಮಧ್ಯಾಹ್ನ

ಯಾಲ್ಮರ್ ದೈತ್ಯನಂಥ ಆಳು. ಬಸ್ ಓಡಿಸುತ್ತಾನಂತೆ. ಎದೆಗೆ ಮಗನನ್ನು ಕಟ್ಟಿಕೊಂಡೇ ಹಿಮದಲ್ಲಿ ಮಂಡಿಯೂರಿದ. ಎಡ ಚಕ್ರ ತಿರುಗಿಸಿದ. ಸದ್ದಿಲ್ಲ. ಮತ್ತೆ ತಿರುಗಿಸಿದ. ನನ್ನ ಮುಖ ಬಿಸಿಯಾಯಿತು.

ಆದರೂ ಎರಡು ಹನಿ ಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿದ.

"ನಂದೂ ಕಿರ್ ಅಂತಿರ್ಲಿಲ್ಲ ಮಾರಾಯ," ಅಂದ.

ಲೈಬ್ರರಿಯ ಕೆಫೆಯಲ್ಲಿ ಏಲಕ್ಕಿ ಬನ್ನು, ಕಾಫಿ. "ಯಾವಾಗ್ನಿಂದ ಹೀಗೆ?" ಕೇಳಿದ.

"ಅವ್ಳು ಹುಟ್ಟಿದಾಗ್ನಿಂದ." ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

"ಹೆಂಡ್ತಿಗೆ ಗೊತ್ತಾ?"

"ಇಲ್ಲ."

"ನಾನು ಮೊದ್ಲು ಡಾಕ್ಟ್ರಿಗೆ ಹೇಳ್ದೆ, ಆಮೇಲೆ ನನ್ ಹೆಂಡ್ತಿಗೆ. ಡಾಕ್ಟ್ರ ಮಾತ್ರೆಯಿಂದ ಗುಣ ಆಯ್ತು. ಆದ್ರೆ ಅವ್ಳ ಮುನಿಸು ಹೋಗೋಕೆ ಇನ್ನೂ ಹೆಚ್ಚು ದಿನ ಬೇಕಾಯ್ತು. ನೀನು ಹಾಗ್ ಮಾಡ್ಬೇಡ."

ಅವನ ಮಗ ನನ್ನ ಬನ್ನು ಕಿತ್ತುಕೊಂಡ.

ಅದೇ ದಿನ, ಸಂಜೆ

ಟುವಾ ಬಂದಳು. ಗಾಡಿಯನ್ನು ಹಜಾರದಲ್ಲಿ ತಳ್ಳಿ ನೋಡಿದಳು. "ಎಣ್ಣೆ ವಾಸ್ನೆ ಬರ್ತಿದೆ ಕಣೋ. ಇದ್ಯಾವಾಗ ಸದ್ದು ಮಾಡ್ತಿತ್ತು?"

ಬಾಗಿಲಲ್ಲಿ ನಿಂತಿದ್ದಾಳೆ, ಮಗು ಸೊಂಟದ ಮೇಲೆ. ಉತ್ತರಕ್ಕೆ ಕಾಯುತ್ತಿದ್ದಾಳೆ. ಪೆನ್ನು ಕೆಳಗಿಡಬೇಕು. ಚಕ್ರದಿಂದ ಶುರು ಮಾಡಬಾರದು. ನಡುವಿನ ಮಾತನ್ನೇ ಮೊದಲು ಹೇಳಬೇಕು. ಟುವಾ, ಲೋವಿಸಾ ನಕ್ಕಾಗ ನನಗೆ —