ಮೈಕು ಆರಿಸುವ ಮೊದಲು

ಹನ್ನೊಂದನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಜೀರುಂಡೆಗೆ,

ನಿನ್ನ ದೊಡ್ಡಮ್ಮನ ತುಂಬುಮನಸ್ಸಿನ ಆಶೀರ್ವಾದಗಳು. ನಾನು ಕ್ಷೇಮ. ಮೊಣಕಾಲು ಮಾತ್ರ ತನ್ನ ಹಟ ಬಿಟ್ಟಿಲ್ಲ. ನಿನ್ನ ಎರಡು ಪತ್ರಗಳೂ ಬಂದವು. ಉತ್ತರ ಬರೆಯುವುದು ತಡವಾಯಿತು, ಎರಡು ಮಾತು ಬೈದುಬಿಡು. ಫೋನು ಮಾಡಬಹುದಿತ್ತು, ನಿಜ. ಆದರೆ ನನ್ನ ಈ ಗೊಗ್ಗರು ದನಿಗೆ ನೀನು "ಹಾಂ? ಏನಂದೆ?" ಎನ್ನುವುದು, ನಾನು ಕೂಗಿ ಕೂಗಿ ಕೆಮ್ಮುವುದು, ಇದೆಲ್ಲ ಯಾಕೆ? ನನ್ನ ಮಟ್ಟಿಗೆ ಕಾಗದವೇ ವಾಸಿ, ಅದು ಹಾಂ ಎನ್ನುವುದಿಲ್ಲ.

"ಮೆಡಲ್ ಹಾಕೋ ಹೊತ್ತಿಗೆ ನೋಡ್ತೀನಿ, ನಿನ್ನ ಕುರ್ಚಿ ಖಾಲಿ. ಕೋಪಾನಾ ದೊಡ್ಡಮ್ಮಾ?" ಎಂದು ಕೇಳಿದ್ದೀಯ. ನನಗೆ ಹೇಳದೆ ನನ್ನ ಹಳೆಯ ದನಿಯನ್ನು ಅಷ್ಟು ಡಾಕ್ಟರುಗಳ ಮುಂದೆ ಕೇಳಿಸಿದ್ದು ತಪ್ಪಾಯಿತು, ನಾನು ಬೇಡ ಎಂದರೆ ಮುಂದಿನ ತಿಂಗಳ ದೊಡ್ಡ ಸಮ್ಮೇಳನದಲ್ಲಿ ಆ ಟೇಪು ಹಾಕುವುದಿಲ್ಲ, ಬೇಕಾದರೆ ಈ ಬಹುಮಾನವನ್ನೂ ಹಿಂದಿರುಗಿಸುತ್ತೇನೆ ಎಂದೂ ಬರೆದಿದ್ದೀಯ. ಹುಚ್ಚಿ! ಇಷ್ಟು ಓದಿದವಳು ಹೀಗೆ ಬರೆಯುವುದೇ? ಓದಿ ಒಂದು ಗಳಿಗೆ ನಕ್ಕೆ.

ಮೊದಲು ಆ ದಿನದ ಸುದ್ದಿ ಕೇಳು. ನೀನು ವೇದಿಕೆಯ ಹಿಂದೆ ಇದ್ದೆ, ನಿನಗೆ ಗೊತ್ತಿಲ್ಲ. ಬಾಗಿಲಲ್ಲಿದ್ದ ಹುಡುಗಿ ನನ್ನ ಕೊರಳಿಗೆ ಒಂದು ಬಿಲ್ಲೆ ತೂಗುಹಾಕಿ, "ನಿಮ್ದು ಯಾವ ವಿಭಾಗ ಡಾಕ್ಟರ್?" ಅಂದಳು. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ, "ಗಂಟಲು" ಅಂದೆ. ನನ್ನ ದನಿ ಕೇಳಿ ಅವಳಿಗೆ ಪೂರ್ತಿ ನಂಬಿಕೆ ಬಂದಿರಬೇಕು, ನೇರ ಕರೆದೊಯ್ದು ಎರಡನೇ ಸಾಲಿನಲ್ಲಿ ಕೂರಿಸಿದಳು. ಪಕ್ಕದಲ್ಲಿ ಒಬ್ಬ ಮುದಿ ಡಾಕ್ಟರು, ಕಾಲ ಬಳಿ ಚೀಲ, ಎದೆಗೆ ಗದ್ದ ತಾಗಿಸಿ ಸೊಗಸಾದ ನಿದ್ದೆ. ನಿನಗಿಂತ ಮೊದಲು ಮಾತಾಡಿದ ಯಾರಿಗೂ ಆತ ಕಣ್ಣು ಬಿಡಲಿಲ್ಲ.

ಆಮೇಲೆ ನೀನು ಬಂದೆ. ಥೈರಾಯ್ಡ್ ಗಡ್ಡೆ ತೆಗೆಯುವಾಗ ದನಿಯ ನರಕ್ಕೆ ಪೆಟ್ಟು ಬಿದ್ದರೂ ಆಸ್ಪತ್ರೆಯ ಕಾಗದದಲ್ಲಿ ಅದು ಯಾಕೆ ಕಾಣುವುದಿಲ್ಲ ಎಂದು ನೀನು ಹೇಳಿದ್ದು ನನ್ನಂಥವಳಿಗೂ ಅರ್ಥವಾಯಿತು. ವಾರ್ಡಿನಲ್ಲಿ "ನೋವಿದೆಯಾ? ಊಟ ಆಯ್ತಾ?" ಎಂದು ಕೇಳುತ್ತಾರೆ, ರೋಗಿ ತಲೆಯಾಡಿಸುತ್ತಾನೆ, "ಆರಾಮ" ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ಬಾಯಿ ಬಿಡಿಸುವವರೇ ಇಲ್ಲ. ನೀನು ಬಾಯಿ ಬಿಡಿಸಿದೆ. ಆಪರೇಷನ್ನಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ, ಪ್ರತಿಯೊಬ್ಬರಿಂದ ಅವರವರ ಬದುಕಿನ ಒಂದು ಮಾತು ಹೇಳಿಸಿದೆ. ಮೇಷ್ಟ್ರು ಹಾಜರಿ ಕೂಗಿದರು, ತರಕಾರಿಯವನು ಬೀದಿಯಲ್ಲಿ ಕೂಗುವುದನ್ನೇ ಕೂಗಿದ, ಒಬ್ಬ ತಾಯಿ ಮಗುವನ್ನು ಮನೆಯೊಳಗೆ ಕರೆದಳು. ಕತ್ತರಿ ಹಿಡಿಯುವವರು ಮೊದಲು ಆ ದನಿ ಕೇಳಿ ಒಳಗೆ ಹೋದರೆ, ನರ ಕಣ್ಣಿಗೆ ಬೀಳುವ ತನಕ ಕೈ ಆಡಿಸುವುದಿಲ್ಲ ಎಂದೆ. ಎಷ್ಟು ಸಾದಾ ಮಾತು! ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಷ್ಟರಲ್ಲಿ, "ಈ ಕೆಲಸಕ್ಕೆ ಕಾರಣವಾದ ಒಂದು ದನಿ" ಎಂದು ಏನೋ ಒತ್ತಿದೆ. "ಪ್ರಯಾಣಿಕರು ದಯವಿಟ್ಟು ಗಮನಿಸಿ. ಗಾಡಿಯು ಕೆಲವೇ ನಿಮಿಷಗಳಲ್ಲಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ." ಪಕ್ಕದ ಡಾಕ್ಟರು ಧಡಕ್ಕನೆ ಎದ್ದು ಚೀಲ ಹೆಗಲಿಗೇರಿಸಿದರು! "ಎರಡನೇದಾ? ಒಂದನೇದು ಅಂದಿದ್ರಲ್ಲ!" ಎಂದು ನನ್ನನ್ನೇ ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಾನು ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಕೂಗುತ್ತಿದ್ದಾಗ ಹೊಸಬರಿಗೆ ಕಲಿಸಲೆಂದು ರೆಕಾರ್ಡು ಮಾಡಿದ್ದ ಟೇಪನ್ನು ಎಲ್ಲಿಂದ ಹುಡುಕಿ ತೆಗೆದೆಯೇ ನೀನು?

ಆ ಮೈಕಿನ ಕೋಣೆ ನಿನಗೆ ನೆನಪಿದೆಯೋ ಇಲ್ಲವೋ. ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ಕಿರುಚಿ ಕಿರುಚಿಯೇ ಜೀರುಂಡೆ ಎನ್ನಿಸಿಕೊಂಡೆ. ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ನಿನ್ನ ದೊಡ್ಡಪ್ಪ ಗಡಿಯಾರದ ಅಂಗಡಿ ಮುಚ್ಚಿ ಬಂದು ಕಿಟಕಿಯ ಗಾಜು ತಟ್ಟುತ್ತಿದ್ದರು. ನಾನೋ, ಮೈಕು ಆರಿಸುವುದನ್ನು ಮರೆತು "ಬಂದೆ ರೀ!" ಎಂದುಬಿಡುತ್ತಿದ್ದೆ. ಇಡೀ ಸ್ಟೇಷನ್ನಿಗೆ ಕೇಳುತ್ತಿತ್ತು. ಹಮಾಲಿಗಳು ಅವರನ್ನು ಕಂಡಾಗಲೆಲ್ಲ, "ಸ್ವಾಮೀ, ನಿಮ್ಮ ಗಾಡಿ ಬಂತಂತೆ!" ಎಂದು ಕಾಲೆಳೆಯುತ್ತಿದ್ದರು. ಅವರೂ ಬಿಡುತ್ತಿರಲಿಲ್ಲ, "ಈ ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಬರೋದು ಅದೊಂದೇ ಕಣ್ರಯ್ಯ" ಎನ್ನುತ್ತಿದ್ದರು.

ನನಗೆ ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಅಂದು ತೀರ್ಪುಗಾರರ ಸಾಲಿನಲ್ಲಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಆ ದನಿ ಹೇಗೆ ಹೋಯಿತೆಂದು ನೀನು ಹೇಳಿ ಮುಗಿಸಿದಾಗ ಅವರು ಎದ್ದು ನಿಂತು, "ಆ ಹೆಂಗಸು ತಲೆಯಾಡಿಸಿದ್ದನ್ನ ನೋಡಿ ಆರಾಮ ಅಂತ ಬರೆದೋನು ನಾನೇ ಕಣಮ್ಮ. ಇವತ್ತು ಕೇಳಿಸಿಕೊಂಡೆ" ಎಂದರು. ನನಗೆ ಅವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ ಮಗಳೇ. ಗಡ್ಡೆ ಉಸಿರುಗೊಳವೆಯನ್ನು ಹಿಸುಕುತ್ತಿತ್ತು, ಮಲಗಿದರೆ ಜೀವ ಹೋದಂತಾಗುತ್ತಿತ್ತು. ಉಸಿರು ಉಳಿಸಿಕೊಟ್ಟ ಕೈಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬಂದರೂ ಯಾರಿಗೆ ಕೇಳಿಸಬೇಕು ಹೇಳು!

ಆದ್ದರಿಂದ ಮೆಡಲನ್ನು ವಾಪಸು ಕೊಡುವ ಮಾತು ಬಿಡು. ಅದನ್ನು ನಿನ್ನ ಅಮ್ಮನ ಕೊರಳಿಗೆ ಒಮ್ಮೆ ಹಾಕು, ನನ್ನ ತಂಗಿ ನಿನ್ನ ಓದಿಗಾಗಿ ಸವೆದವಳು. ಮುಂದಿನ ಸಮ್ಮೇಳನದಲ್ಲಿ ಟೇಪು ಹಾಕು, ಧಾರಾಳವಾಗಿ ಹಾಕು. ಎಲ್ಲೋ ಒಬ್ಬ ತರಕಾರಿಯವನ ಕೂಗು ಉಳಿದರೆ ನನ್ನ ದನಿ ವ್ಯರ್ಥವಾಗಲಿಲ್ಲ ಎಂದುಕೊಳ್ಳುತ್ತೇನೆ. ಹೋದದ್ದನ್ನು ಹುಡುಕಿ ತಂದು ಅಷ್ಟು ಜನರೆದುರು ಗೌರವದಿಂದ ಇಟ್ಟೆಯಲ್ಲ, ನಿನ್ನ ಋಣ ನನ್ನ ಮೇಲಿದೆ.

ನಿನ್ನ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ನಿನ್ನ ಕೈಕೆಳಗೆ ಮಲಗಿದವರೆಲ್ಲ ಎದ್ದು, ಮನೆಗೆ ಹೋಗಿ, ತಮ್ಮವರನ್ನು ಬಾಯಿತುಂಬ ಬೈಯುವಂತಾಗಲಿ.

ಇಂತು ನಿನ್ನ,
ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕವರು ಅಂಟಿಸಲು ಕೈ ಬರಲಿಲ್ಲ.

ಕೊನೆಯ ವಾರ ಆಸ್ಪತ್ರೆಯಲ್ಲಿ ನಿನ್ನ ದೊಡ್ಡಪ್ಪನಿಗೆ ಜ್ವರ ನೆತ್ತಿಗೇರಿ ಕಣ್ಣು ಕಾಣುತ್ತಿರಲಿಲ್ಲ, ನೆನಪು ಎಲ್ಲೋ ಹಿಂದಕ್ಕೆ ಹೋಗಿತ್ತು. "ಅವಳೆಲ್ಲಿ? ಅವಳನ್ನ ಕರೀರಿ" ಎಂದು ಒಂದೇ ಸಮನೆ ಕೇಳುತ್ತಿದ್ದರು. ಕೈ ಹಿಡಿದು, ಇದೇ ಗೊಗ್ಗರು ದನಿಯಲ್ಲಿ, "ಇಲ್ಲೇ ಇದ್ದೀನಿ ರೀ" ಎಂದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, "ನೀವಲ್ಲಮ್ಮ. ನೀವು ಪಾಪ ಬೆಳಿಗ್ಗೆಯಿಂದ ಕೂತಿದ್ದೀರಿ, ಹೋಗಿ ಊಟ ಮಾಡಿ. ಅವಳ ಡ್ಯೂಟಿ ಮುಗಿದಿರಬೇಕು, ಈಗ ಬರ್ತಾಳೆ" ಎಂದರು. ಜೀವನದಲ್ಲಿ ಒಮ್ಮೆಯೂ ನನ್ನನ್ನು ನೀವು ಎಂದವರಲ್ಲ. ಅವಳಿಗಾಗಿ ಕಾಯುತ್ತಲೇ ಹೋದರು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಅಂದು ನಿನ್ನ ಸಭೆಯಲ್ಲಿ ಅವರು ಕಾಯುತ್ತಿದ್ದ ಅವಳು ಬಂದಳು. ಅದಕ್ಕೇ ನಾನು ಎದ್ದು ಹೋದೆ.

ನೀನು ಕೇಳಿಸಿದ್ದು ಪ್ಲಾಟ್‌ಫಾರ್ಮಿನ ಮಾತಿಗೇ ನಿಂತಿತು. ಟೇಪು ಇನ್ನೂ ಮುಂದೆ ಇದ್ದರೆ ಒಮ್ಮೆ ಕಿವಿಗೊಟ್ಟು ಕೇಳು. ಮೈಕು ಆರಿಸುವ ಮೊದಲು ಗಾಜು ತಟ್ಟಿದ ಸದ್ದು, ಆಮೇಲೆ "ಬಂದೆ ರೀ" ಎಂದು ಎಲ್ಲಾದರೂ ಇದೆಯೇನೋ. ಇದ್ದರೆ, ಅದನ್ನು ಮಾತ್ರ ಸಮ್ಮೇಳನದಲ್ಲಿ ಹಾಕಬೇಡ. ನನಗೆ ಕಳಿಸು.