ಹೋಲಿಕೆಗೆ ಇಟ್ಟ ರಕ್ತ

ಅಮ್ಮನಿಗೆ,

ಪ್ರಯೋಗಾಲಯದಲ್ಲೇ ಕೂತು ಬರೆಯುತ್ತಿದ್ದೇನೆ.

ಸೊಳ್ಳೆ ಕಚ್ಚಿ ಮೈಗೆ ಆನೆಕಾಲಿನ ಹುಳು ಹೊಕ್ಕರೆ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ನಮ್ಮ ಪರೀಕ್ಷೆಯಲ್ಲಿ ಅಂಥ ರಕ್ತ ಹಾಕಿದ ತಟ್ಟೆಯ ಗುಳಿ ಹಳದಿಯಾಗುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತ ಇಡಬೇಕು; ಅದಕ್ಕಿಂತ ಹೆಚ್ಚು ಹಳದಿಯಾದರೆ ಮಾತ್ರ ರೋಗವಿದೆ ಎಂದು ಬರೆಯುತ್ತೇವೆ. ಮೂರು ವರ್ಷದಿಂದ ಇಟ್ಟಿದ್ದು ನನ್ನದೇ. "ಗುಂಡುಕಲ್ಲಿನ ಹಾಗಿದ್ದೀಯಲ್ಲ, ನೀನೇ ಕೊಡು" ಎಂದಿದ್ದರು ನಮ್ಮ ಮೇಲಿನವರು.

ಇವತ್ತು ಹೋಲಿಕೆಗೆಂದು ಹೊರಗಿನಿಂದ ಬೇರೆ ರಕ್ತ ಬಂತು. ಅದರ ಗುಳಿ ನೀರಿನಂತೆ ತಿಳಿಯಾಗಿ ಉಳಿಯಿತು, ನನ್ನದು ಹಳದಿಯಾಯಿತು. ಮೂರು ಸಲ ಮಾಡಿ ನೋಡಿದೆ. ಅಷ್ಟು ಬಣ್ಣ ಎಲ್ಲರಿಗೂ ಬರುತ್ತದೆ ಎಂದುಕೊಂಡಿದ್ದೆನಮ್ಮ.

ಹೋದ ವರ್ಷ ನೀನು "ಕಾಲು ಭಾರ ಕಣೇ, ಚಪ್ಪಲಿಯೊಳಗೆ ಹೋಗ್ತಿಲ್ಲ" ಅಂದಾಗ ನಿನ್ನ ರಕ್ತ ನೋಡಿದವಳೂ ನಾನೇ. ನನ್ನ ರಕ್ತದಷ್ಟೇ ಹಳದಿಯಿತ್ತು. "ಏನೂ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದೆ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಸೊಳ್ಳೆ ಇಬ್ಬರನ್ನೂ ಕಚ್ಚಿತ್ತು.

ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗು. ಅಣ್ಣನ ರಕ್ತವನ್ನೂ ಕೊಡಿಸು. ಹೋದ ವರ್ಷ ನಾನು ಬರೆದುಕೊಟ್ಟ ಪರೀಕ್ಷೆಯ ಚೀಟಿ ತೋರಿಸಬೇಡ.

ನಾನು ಈಗಲೇ ಬರಲಾರೆ. 'ಏನೂ ಇಲ್ಲ' ಎಂದು ಬರೆದು ಮನೆಗೆ ಕಳಿಸಿದ ನಾನೂರು ಜನರಿಗೂ ಪತ್ರ ಬರೆಯಬೇಕು. ಇದು ಮೊದಲನೆಯದು.

ನಿನ್ನ ಮಗಳು