ಹಣ್ಣು ಕಾಯಿ ತಿಳಿಯದ ಕಣ್ಣು

ಶನಿವಾರಸಂತೆ
ಡಿಸೆಂಬರ್ ೧೯೨೬

ಅಳಿಯಂದಿರಾದ ಚನ್ನವೀರಪ್ಪನವರಿಗೆ ಅತ್ತೆ ನೀಲಮ್ಮನ ಶರಣಾರ್ಥಿ.

ಕೆಂಪು ಕಾಫಿ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕೊಯ್ದು ಹಾಕಿದನೆಂದು, ನೀವು ಲೆಕ್ಕ ಬರೆಯುವ ರೈಟರಾಗಿರುವ ಎಸ್ಟೇಟಿನಿಂದ ನನ್ನ ಮಗ ನಂಜುಂಡನನ್ನು ಬಿಡಿಸಿದಿರಿ. ನಿಮ್ಮ ಮೇಲೆ ನನಗೆ ಬೇಸರವಿಲ್ಲ. ನಾನೂ "ಸೋಮಾರಿ, ಭಾವನ ಮಾನ ಕಳೆದೆಯಲ್ಲೋ" ಎಂದು ಬಯ್ದೆ. ಅವನು ಕೊರಳಿನ ಲಿಂಗ ಮುಟ್ಟಿ, "ಅವ್ವಾ, ನನಗೆ ಎರಡೂ ಒಂದೇ ಥರ ಕಾಣ್ತವೆ" ಅಂದ. ಅದನ್ನೂ ನಂಬದೆ ಕೆನ್ನೆಗೆ ಹೊಡೆದೆ.

ನಿನ್ನೆ ಪೂಜೆಗೆ ಕೆಂಪು ದಾಸವಾಳ ತಾ ಅಂದರೆ, ಗಿಡದ ಎಲೆಗಳನ್ನು ಕೈಯಿಂದ ತಡವಿ ಹೂವು ಹುಡುಕುತ್ತಿದ್ದ. ನನ್ನ ಅಪ್ಪ ಹೀಗೇ ಹುಡುಕುತ್ತಿದ್ದರು. ನಾವು ಮಕ್ಕಳೆಲ್ಲ ನಗುತ್ತಿದ್ದೆವು. ನನ್ನ ಕಣ್ಣು ಸರಿಯಾಗಿದೆ. ಆದರೂ ಅಪ್ಪನ ಕಣ್ಣು ನನ್ನ ಹೊಟ್ಟೆಯಿಂದಲೇ ಮಗನಿಗೆ ಹೋಗಿದೆ. ಕೊಟ್ಟವಳೇ ಹೊಡೆದೆ.

ಅವನನ್ನು ಕಾಫಿ ಒಣಗಿಸುವ ಕಣಕ್ಕೋ ಎತ್ತಿನ ಗಾಡಿಗೋ ಹಾಕಿಕೊಳ್ಳಿ, ಕೊಯ್ಲಿಗೆ ಬೇಡ.

ಇನ್ನೊಂದು ಮಾತು. ಬಸುರಿಯಾಗಿರುವ ನಮ್ಮ ಗಂಗಮ್ಮನ ಕಣ್ಣೂ ನನ್ನ ಹಾಗೇ ಸರಿಯಾಗಿದೆ. ಅದಕ್ಕೇ ನನಗೆ ಹೆದರಿಕೆ. ಗಂಡು ಹುಟ್ಟಿ, ಮುಂದೆ ಅವನೂ ಕಾಯಿಯನ್ನು ಹಣ್ಣೆಂದು ತಂದುಕೊಟ್ಟರೆ ಗಂಗಮ್ಮನನ್ನು ಏನೂ ಅನ್ನಬೇಡಿ, ಮಗುವಿನ ಮೇಲೆ ಕೈ ಎತ್ತಬೇಡಿ. ನನ್ನನ್ನು ಕರೆಸಿ, ಬಯ್ಯುವುದನ್ನೆಲ್ಲ ನನಗೇ ಬಯ್ಯಿರಿ.

ನಿಮ್ಮ ಅತ್ತೆ
ನೀಲಮ್ಮ